ಬೀಟ್ ಪೊಲೀಸರಿಗೆ ಪಟ್ಟಿ ಹಾಕಿ ದುಡ್ಡು ಕೊಡಬಹುದಾ?

ಪ್ರಶ್ನೆ: ವಿಜಯಪುರದಲ್ಲಿ ನನ್ನದು ಕಿರಾಣಿ ಅಂಗಡಿ. ನಮ್ಮ ಸಾಲಿನಲ್ಲಿ ಎರಡು ಅಂಗಡಿಗಳ ಶಟರ್ ಮುರಿದು ಕಳ್ಳತನ ಆಯಿತು. ಈಗ ಎಲ್ಲರೂ ಪಟ್ಟಿ ಹಾಕಿ ರಾತ್ರಿ ಬೀಟ್‌ನ ಇಬ್ಬರು ಪೊಲೀಸರಿಗೆ ತಿಂಗಳಿಗೆ ತಲಾ 2,000 ರೂಪಾಯಿ ಕೊಡೋಣ ಅಂತಿದ್ದಾರೆ. ಅವರೇನೂ ಕೇಳಿಲ್ಲ, ನಾವೇ ಖುಷಿಯಿಂದ ಕೊಡುವುದು. ತಪ್ಪಾ?

ಉತ್ತರ: ತಪ್ಪೇ ರೀ. ಚಹಾ-ನಾಷ್ಟಾದ ಖರ್ಚು ಅಂತ ಹೆಸರಿಟ್ಟರೂ ಅಷ್ಟೇ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ, ಪೊಲೀಸ್ ತನ್ನ ಡ್ಯೂಟಿಗಾಗಿ ಸಂಬಳ ಬಿಟ್ಟು ಬೇರೆಯವರಿಂದ ದುಡ್ಡು ತಗೊಂಡರೆ, ಕೆಲಸ ನೆಟ್ಟಗೆ ಮಾಡಿದ್ದರೂ ಕೇಸಾಗುತ್ತದೆ. 3ರಿಂದ 7 ವರ್ಷ ಜೈಲು. ಪಾಪ, ಒಳ್ಳೆಯ ಪೊಲೀಸಪ್ಪನನ್ನೇ ನೀವು ಸಿಕ್ಕಿಸುತ್ತೀರಿ. 2018ರ ತಿದ್ದುಪಡಿ ಆದ ಮೇಲೆ ಕೊಡುವವರ ಮೇಲೂ ನೇರವಾಗಿ ಕೇಸ್ ಹಾಕಬಹುದು. ನಿಯಮ ಬಿಟ್ಟು ಕೆಲಸ ಮಾಡಿಸಲು ಕೊಟ್ಟರೆ ನಿಮಗೂ 7 ವರ್ಷದವರೆಗೆ. ಪಕ್ಕದ ಗಲ್ಲಿ ಬಿಟ್ಟು ನಮ್ಮ ಸಾಲಿಗೇ ಎರಡು ರೌಂಡ್ ಜಾಸ್ತಿ ಬಾ ಅನ್ನುವುದು ಅದೇ ಅಲ್ವಾ?

ಇನ್ನೊಂದು ಮಾತು, ಕಾನೂನಿನ ಆಚೆಯದ್ದು. ಪಟ್ಟಿ ಕೊಡದ ಬಳೆ ಅಂಗಡಿಯವನು ಇರುತ್ತಾನೆ, ಮುಂದೆ ತಳ್ಳುಗಾಡಿ ಹಚ್ಚುವವಳು ಇರುತ್ತಾಳೆ. ನಾಳೆ ಜಾಗಕ್ಕೆ ಆಕೆಗೂ ನಿಮಗೂ ಜಗಳ ಬಿದ್ದರೆ, ಅದೇ ಪೊಲೀಸ್ ಬಂದು ನಿಂತಾಗ ಆಕೆ ಅವನನ್ನು ನಂಬುತ್ತಾಳಾ? ಮತ್ತೆ ಮುಂದಿನ ವರ್ಷ ಆತ ವರ್ಗ ಆಗಿ ಹೋದ ಮೇಲೆ ಬಂದವನು, ಈ ತಿಂಗಳದ್ದು ಎಲ್ಲಿ ಅಂತ ಕೇಳುತ್ತಾನೆ. ಖುಷಿಯ ಪಟ್ಟಿ ಹಫ್ತಾ ಆಗುವುದು ಹೀಗೇ. ಹಾಗೆ ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಿ, ಆಗ ನೀವು ಆರೋಪಿ ಆಗುವುದಿಲ್ಲ. ಲೋಕಾಯುಕ್ತ ಪೊಲೀಸರ ಬಳಿ ಹೋಗಿ.

ಪಟ್ಟಿ ಹಾಕುವುದೇ ಆದರೆ ಎಲ್ಲರೂ ಸೇರಿ ಒಬ್ಬ ಕಾವಲುಗಾರನನ್ನು ಇಟ್ಟುಕೊಳ್ಳಿ. ಏಜೆನ್ಸಿಯಿಂದ ತಗೊಂಡರೆ ಲೈಸೆನ್ಸ್ ನೋಡಿ, 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಲ್ಲಿ ಅದು ಕಡ್ಡಾಯ. ಎರಡು ಸಿಸಿಟಿವಿ ಹಾಕಿಸಿ, ಒಂದು ಗಲ್ಲಿಯ ಬಾಯಿಗೆ ಇರಲಿ. ಬೀಟ್ ಬರುತ್ತಿಲ್ಲ ಅನ್ನಿಸಿದರೆ ಇಪ್ಪತ್ತು ಅಂಗಡಿಯವರು ಸಹಿ ಹಾಕಿ ಎಸ್‌ಪಿ ಕಚೇರಿಗೆ ಅರ್ಜಿ ಕೊಡಿ, ಕಳ್ಳತನದ ಎಫ್‌ಐಆರ್ ನಂಬರ್ ಅದರಲ್ಲಿ ಬರೆಯಿರಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದು ಮರೆಯಬೇಡಿ. ರಾತ್ರಿ ಸಪ್ಪಳ ಕೇಳಿದರೆ 112.

ಕ್ರಿಕೆಟ್ ಮ್ಯಾಚಿಗೆಲ್ಲ ದುಡ್ಡು ಕಟ್ಟಿ ಪೊಲೀಸ್ ಬಂದೋಬಸ್ತ್ ತಗೊಳ್ತಾರಲ್ಲ ಅಂತ ಯಾರಾದರೂ ಕೇಳಬಹುದು. ಅದು ಬೇರೆ. ಅಲ್ಲಿ ದುಡ್ಡು ಸರ್ಕಾರದ ಖಾತೆಗೆ ಹೋಗುತ್ತದೆ, ರಸೀದಿ ಬರುತ್ತದೆ, ಯಾರನ್ನು ಕಳಿಸಬೇಕು ಅಂತ ಮೇಲಿನವರು ಹೇಳುತ್ತಾರೆ. ಪೊಲೀಸಪ್ಪನ ಜೇಬಿಗೆ ಹೋಗುವುದಿಲ್ಲ.

ಪೊಲೀಸರಿಗೆ ಅಂತ ಪಟ್ಟಿ ಈಗಾಗಲೇ ಎತ್ತಿದ್ದರೆ ವಾಪಸ್ ಕೊಟ್ಟು, ವಹಿಯಲ್ಲಿ ಪ್ರತಿಯೊಬ್ಬರ ಸಹಿ ತಗೊಳ್ಳಿ.