ಎದೆನೋವೆಂದು ಬಂದ ದೊಡ್ಡಣ್ಣ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಹೊಲದ ಅಳತೆ, ಮನೆಮಂದಿಯ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಅವರನ್ನು ಇಲ್ಲಿ ದೊಡ್ಡಣ್ಣ ಎಂದು ಕರೆಯುತ್ತೇನೆ. ಇದು ನಾನು ಕಟ್ಟಿದ ಹೆಸರಲ್ಲ. ತಮ್ಮಂದಿರು, ತಂಗಿ, ಓಣಿಯ ಮಂದಿ ಹಾಗೆ ಕರೆಯುವುದಿರಲಿ, ಹೆತ್ತ ತಾಯಿಯೂ ಯಾರಾದರೂ ಏನಾದರೂ ಕೇಳಲು ಬಂದರೆ "ದೊಡ್ಡಣ್ಣಗ ಕೇಳ್ರಿ" ಎಂದೇ ಹೇಳುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ಅವರ ಸ್ವಂತ ಹೆಸರು ಹಿಡಿದು ಕರೆದವರಿಲ್ಲ.

ವಯಸ್ಸು 41. ಕಲಬುರಗಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿ. ಒಂಬತ್ತು ಎಕರೆ ಸ್ವಂತ ಎರೆಹೊಲ, ಮೇಲೆ ಆರು ಎಕರೆ ಲಾವಣಿ, ಅಂದರೆ ಗೇಣಿಗೆ ಹಿಡಿದ ಹೊಲ, ಎಲ್ಲವೂ ಮಳೆಯನ್ನೇ ನಂಬಿದ ತೊಗರಿ ಬೇಸಾಯ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಂದೆಗೆ ಲಕ್ವಾ ಹೊಡೆದಾಗ ಕಾಲೇಜು ಬಿಟ್ಟು ಮನೆಯ ಭಾರ ಹೊತ್ತರು, ತಂಗಿಯ ಮದುವೆ ಮಾಡಿದರು, ಇಬ್ಬರು ತಮ್ಮಂದಿರನ್ನು ಓದಿಸಿದರು. 2023ರ ಜನವರಿಯಲ್ಲಿ ಅವರನ್ನು ನನ್ನ ಬಳಿ ಕಳಿಸಿದವರು ಒಬ್ಬ ಹೃದಯ ವೈದ್ಯರು. ರಾತ್ರಿ ಎರಡರ ಸುಮಾರಿಗೆ ಎದೆ ಹಿಡಿದಂತಾಗಿ, ಬೆವರು ಸುರಿದು, ಎದ್ದು ಕೂರುವ ಸ್ಥಿತಿ ನಾಲ್ಕು ತಿಂಗಳಿಂದ ನಡೆದಿತ್ತು. ಎರಡು ಸಲ ಇಸಿಜಿ, ಒಂದು ಸಲ ಎಕೋ ಆಗಿತ್ತು, ಎಲ್ಲವೂ ಸರಿಯಾಗಿತ್ತು. ಹೃದಯಕ್ಕೆ ಏನೂ ಆಗಿಲ್ಲ ಎಂದು ವೈದ್ಯರು ಹೇಳಿದಾಗ ಸಂತೋಷಪಡಬೇಕಾದ ಮನುಷ್ಯ ಮುಖ ಸಣ್ಣದು ಮಾಡಿಕೊಂಡರಂತೆ. ಅದರ ಕಾರಣವನ್ನು ಮೊದಲ ಭೇಟಿಯಲ್ಲಿ ಅವರೇ ಹೇಳಿದರು: "ಹಾರ್ಟಿನ ರೋಗ ಅಂದಿದ್ರ ಮಂದಿಗಿ ಹೇಳ್ಲಿಕ್ಕಾದ್ರೂ ಬರ್ತಿತ್ರಿ ಮೇಡಂ. ಏನೂ ಇಲ್ಲ ಅಂದ್ರ ನಾ ಏನಂತ ಹೇಳ್ಲಿ?"

ಆ ಒಂದು ಮಾತು ಬಿಟ್ಟರೆ ಅಂದು ಅವರು ಹೆಚ್ಚು ಮಾತನಾಡಲಿಲ್ಲ. ಹೆಗಲ ಮೇಲಿನ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ ನೆರಿಗೆ ತೆಗೆದು, ಮತ್ತೆ ಬಿಚ್ಚಿ ಮತ್ತೆ ಮಡಚುತ್ತಿದ್ದರು. ಖಿನ್ನತೆಯನ್ನು ಅಳೆಯಲು ನಾವು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನಿದ್ದೆ, ಸುಸ್ತು, ಊಟ, ಗಮನ ಇವುಗಳಿಗೆಲ್ಲ ಹೆಚ್ಚಿನ ಅಂಕ ಬಂದವು. "ಮನಸ್ಸು ಕುಗ್ಗಿದಂತೆ, ದುಃಖವಾದಂತೆ ಅನಿಸುತ್ತದೆಯೇ" ಎಂಬುದಕ್ಕೆ ಮಾತ್ರ ತಡವಿಲ್ಲದೆ "ಇಲ್ರಿ" ಎಂದರು. ಒಟ್ಟು 27ಕ್ಕೆ 13 ಅಂಕ. ಪಟ್ಟಿಯ ಪ್ರಕಾರ ಅದು ಮಧ್ಯಮ ಪ್ರಮಾಣ. ದುಃಖದ ಬಗ್ಗೆ ಕೇಳುವುದನ್ನು ಬಿಟ್ಟು ಸಿಟ್ಟಿನ ಬಗ್ಗೆ ಕೇಳಿದಾಗ ಟವೆಲು ಮಡಚುವ ಕೈ ನಿಂತಿತು. ದೀಪಾವಳಿಯ ಮುಂದೆ ಒಂದು ದಿನ ಎತ್ತು ಸಾಲು ತಪ್ಪಿತೆಂದು ಬಾರುಕೋಲಿನಿಂದ ಮೈ ಬಾಸುಂಡೆ ಏಳುವಂತೆ ಹೊಡೆದಿದ್ದರು. ಹದಿನಾಲ್ಕು ವರ್ಷಗಳಿಂದ ಆ ಎತ್ತಿನ ಮೇಲೆ ಕೈ ಎತ್ತಿರಲಿಲ್ಲ. ಅಂದು ರಾತ್ರಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಎದೆ ಮೊದಲ ಸಲ ಹಿಡಿದದ್ದು ಅಂದೇ.

ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಕಣ್ಣೀರು ಹಾಕುವುದು ಎಂದು ತಿಳಿದವರಿಗೆ ಇಂಥ ಗಂಡಸರ ಖಿನ್ನತೆ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸಿಡುಕಾಗಿ, ಕುಡಿತವಾಗಿ, ಹಗಲುರಾತ್ರಿ ದುಡಿತವಾಗಿ, ಬೆನ್ನುನೋವು ಎದೆನೋವಾಗಿ ಬರುತ್ತದೆ. "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು" ಎಂಬ ಗಾದೆಯನ್ನು ಹಾಸಿ ಹೊದ್ದು ಬೆಳೆದವರಲ್ಲಿ ದುಃಖವು ದುಃಖದ ವೇಷದಲ್ಲಿ ಹೊರಗೆ ಬರುವ ಧೈರ್ಯ ಮಾಡದು. ಆಪ್ತಸಲಹಾ ಕೊಠಡಿಯ ಬೆಂಚಿನ ಮೇಲೆ ಹೆಂಗಸರೇ ಹೆಚ್ಚು, ಖಿನ್ನತೆ ಎಂಬ ಹಣೆಪಟ್ಟಿಯೂ ಅವರಿಗೇ ಹೆಚ್ಚು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ಲೆಕ್ಕ ಹಾಕಿದ 1,70,924 ಆತ್ಮಹತ್ಯೆಗಳಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಆ ಬೆಂಚಿಗೂ ಈ ಅಂಕಿಗೂ ನಡುವೆ ಉಳಿದುಹೋಗುವವರಲ್ಲಿ ದೊಡ್ಡಣ್ಣನಂಥವರು ಬಹಳ.

ಎರಡನೆಯ ಭೇಟಿಯಲ್ಲಿ ತಪ್ಪು ನನ್ನಿಂದ ಆಯಿತು. ತಂದೆ ತೀರಿಕೊಂಡ ದಿನದ ಮಾತು ಬಂದಿತ್ತು. ಹೆಣದ ಪಕ್ಕ ಕೂತು ಅಳು ಉಕ್ಕಿ ಬಂದಾಗ ತಾಯಿಯೇ ಭುಜ ಹಿಡಿದು ಎಬ್ಬಿಸಿ, "ನೀ ಅತ್ರ ಉಳಿದವರನ್ನ ಹಿಡಿಯೋರು ಯಾರು? ಹೋಗು, ಕಟ್ಟಿಗಿ ನೋಡು" ಎಂದು ಹೊರಗೆ ಕಳಿಸಿದ್ದರು. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ನಾನು ಕಾಗದದ ಕರವಸ್ತ್ರದ ಡಬ್ಬಿಯನ್ನು ಮುಂದೆ ಸರಿಸಿ, "ಅಳು ಬಂದರೆ ಅತ್ತುಬಿಡಿ, ಇಲ್ಲಿ ಯಾರೂ ನೋಡುವುದಿಲ್ಲ" ಎಂದೆ. ಅವರು ನನ್ನನ್ನೂ ಡಬ್ಬಿಯನ್ನೂ ನೋಡಿದರು. "ಕಣ್ಣಾಗ ಧೂಳ ಬಿದ್ದಾದ್ರಿ" ಎಂದು ಎದ್ದುಹೋದವರು ಐದು ವಾರ ಈ ಕಡೆ ತಲೆ ಹಾಕಲಿಲ್ಲ. ನಾನು ನೋಡುತ್ತಿದ್ದೆನಲ್ಲ! ಹೆಣ್ಣುಮಗಳೊಬ್ಬಳ ಮುಂದೆ, ಅದೂ ಎರಡನೆಯ ಭೇಟಿಯಲ್ಲಿ, ಅಳುವ ಅಪ್ಪಣೆ ಕೊಟ್ಟದ್ದು ಅವರಿಗೆ ಅಂಗಿ ಬಿಚ್ಚೆಂದಂತೆ ಕೇಳಿಸಿರಬೇಕು. ಪುಸ್ತಕದಲ್ಲಿ ಓದಿದ್ದನ್ನು ಮನುಷ್ಯನ ಮೇಲೆ ಅವಸರದಿಂದ ಪ್ರಯೋಗಿಸಿದರೆ ಹೀಗಾಗುತ್ತದೆ. "ನಿಮ್ಮ ಗಂಡಸುತನವೇ ನಿಮ್ಮ ರೋಗ" ಎಂದು ಹೇಳುವ ಸಲಹೆಗಾರರನ್ನೂ ನಾನು ಕಂಡಿದ್ದೇನೆ. ಆ ಗಂಡಸುತನವೇ ತಂಗಿಯ ಮದುವೆ ಮಾಡಿತ್ತು, ತಮ್ಮನ ಶುಲ್ಕ ಕಟ್ಟಿತ್ತು. ಅದನ್ನು ರೋಗವೆಂದು ಕರೆದರೆ ಮನುಷ್ಯನ ಬಾಳಿನ ಗಳಿಕೆಯನ್ನೆಲ್ಲ ತಿಪ್ಪೆಗೆ ಹಾಕಿದಂತೆ.

ಮಾರ್ಚಿನಲ್ಲಿ ಅವರ ಹೆಂಡತಿ ಫೋನ್ ಮಾಡಿದರು. ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಾಗಲೂ ಅವರು ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೋಗಿರಲಿಲ್ಲವೆಂದೂ, ಈಗ ರಾತ್ರಿಯೂಟಕ್ಕೆ ಮುಂಚೆ ಒಂದು ಕ್ವಾರ್ಟರ್ ಇಲ್ಲದೆ ನಡೆಯುವುದಿಲ್ಲವೆಂದೂ ಹೇಳಿದರು. ಅವರು ಮರಳಿ ಬಂದಾಗ ಎದುರುಬದುರು ಕೂರುವ ಕುರ್ಚಿಗಳನ್ನು ತೆಗೆದು, ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ಪಕ್ಕಪಕ್ಕ ಕೂರುವಂತೆ ಹಾಕಿದ್ದೆ. ಕಣ್ಣಿಗೆ ಕಣ್ಣು ಸಿಗದಿದ್ದರೆ ನಮ್ಮ ಕಡೆಯ ಗಂಡಸರ ಮಾತು ಸಲೀಸು. ಕಟ್ಟೆಯ ಮೇಲೆ ಅವರು ಕೂರುವುದೂ ಹಾಗೆಯೇ. ಆ ದಿನ ನಾನು ಕೇಳಿದ್ದು ಬೆಳೆಯ ಬಗ್ಗೆ.

2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ವ್ಯಾಪಕವಾಗಿ ಬಿದ್ದಿತ್ತು. ಹೂವು ಕಾಯಿ ಕಟ್ಟುವ ಹೊತ್ತಿಗೆ ಅವರ ಹೊಲದಲ್ಲೂ ಅರ್ಧಕ್ಕರ್ಧ ಗಿಡ ಹೋಗಿದ್ದವು. ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಟವೆಲು ಬದಿಗಿಟ್ಟು, ಗಾಳಿಯಲ್ಲೇ ಗಿಡವೊಂದನ್ನು ಹಿಡಿದು ಉಗುರಿನಿಂದ ಸೀಳುವಂತೆ ತೋರಿಸಿದರು. "ಗಿಡ ನಿಂತೇ ಇರ್ತದ್ರಿ ಮೇಡಂ, ಬೀಳಂಗಿಲ್ಲ. ಕಾಂಡ ಸೀಳಿ ನೋಡಿದ್ರ ಒಳಗ ಕರೀ ಗೆರಿ ಇರ್ತದ. ಬೇರಿನ ನೀರು ಮ್ಯಾಲ ಏರಂಗಿಲ್ಲ. ದೂರದಿಂದ ನೋಡಿದವರಿಗಿ ಬೆಳಿ ಚೊಲೊ ಅದ ಅನಸ್ತದ." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ನಂದೂ ಹಂಗೇ ಆಗ್ಯಾದ್ರಿ" ಎಂದರು. ಮೂರು ಭೇಟಿಗಳಲ್ಲಿ ತಮ್ಮ ಬಗ್ಗೆ ಅವರಾಗಿಯೇ ಆಡಿದ ಮೊದಲ ಮಾತು ಅದು.

ಬದುಕು ಸಾಕೆನಿಸಿದೆಯೇ, ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ಆಗ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಅದು ಸರಿಯಲ್ಲ, ಕೇಳಿದಾಗ ಹೊರೆ ಇಳಿಸಿದಂತಾಗುವುದೇ ಹೆಚ್ಚು. ಎರಡು ಸಲ ಬಂದಿತ್ತು ಎಂದರು. ಕೂಡಲೇ, "ಇದನ್ನ ಬರ್ಕೋತೀರೇನ್ರಿ? ಪೊಲೀಸರಿಗಿ ಹೋಗ್ತದೇನು?" ಎಂದು ಕೇಳಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ ಎಂದೂ, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಅಗತ್ಯವಿದ್ದಷ್ಟನ್ನು ಹೇಳಬೇಕಾಗುತ್ತದೆ ಎಂದೂ, ಯೋಚನೆ ಬಂದವರಿರಲಿ, ಪ್ರಯತ್ನಿಸಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು ಅದೇ ಕಾಯ್ದೆಯ 115ನೆಯ ಕಲಂ ಹೇಳುತ್ತದೆ ಎಂದೂ ವಿವರಿಸಿದೆ. ಹೆಂಡತಿಗೆ ಹೇಳಲು ಒಪ್ಪಿದರು. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನೆಲ್ಲ ಅಂದು ಸಂಜೆಯೇ ದನದ ಕೊಟ್ಟಿಗೆಯಿಂದ ತೆಗೆಸಿ ಬೇರೆ ಓಣಿಯಲ್ಲಿರುವ ತಮ್ಮನ ಮನೆಯಲ್ಲಿ ಬೀಗ ಹಾಕಿ ಇಡಿಸಿದೆವು, ಬೀಗದ ಕೈ ತಮ್ಮನ ಹೆಂಡತಿಯ ಬಳಿ. ಅಪರಾತ್ರಿಯಲ್ಲಿ ಎದೆ ಹಿಡಿದಾಗ ಮಾತನಾಡಲು ಹಿಂದಿನ ಅಕ್ಟೋಬರಿನಲ್ಲಷ್ಟೇ ಆರಂಭವಾಗಿದ್ದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ "ಬಿಪಿ ಡಾಕ್ಟರ್" ಎಂದು ಬರೆದಿಟ್ಟುಕೊಂಡರು. ಆ ಹೆಸರು ಅವರದೇ ಆಯ್ಕೆ, ನಾನು ತಕರಾರು ಮಾಡಲಿಲ್ಲ.

ಮರುದಿನವೇ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಆಯಿತು. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಬಹುದೆಂದರೆ, ಅಲ್ಲಿ ಊರವರು ಸಿಗುತ್ತಾರೆಂದು ಒಪ್ಪದೆ ಕಲಬುರಗಿಗೇ ಬಂದರು. ಮಾತ್ರೆ ಹಿಡಿಯಲು ಮೂರ್ನಾಲ್ಕು ವಾರ ಬೇಕಾಗುತ್ತದೆ, ಅದಕ್ಕೆ ಮುಂಚೆ ಗುಣವಿಲ್ಲವೆಂದು ಬಿಡಬಾರದು, ಮಾತ್ರೆಯ ಜೊತೆ ಕುಡಿತ ಕೂಡದು ಎಂಬುದನ್ನು ವೈದ್ಯರೂ ನಾನೂ ಒಂದೇ ಮಾತಿನಲ್ಲಿ ಹೇಳಿದೆವು.

ನಾಲ್ಕನೆಯ ಭೇಟಿಗೆ ಗಂಡ ಹೆಂಡತಿ ಇಬ್ಬರೂ ಬಂದರು. ದೊಡ್ಡಣ್ಣನ ಒಳಗಿಸೆಯಲ್ಲಿ ಗೊಬ್ಬರದಂಗಡಿಯವರು ಕೊಟ್ಟ ಅಂಗೈಯಗಲದ ಡೈರಿ ಇತ್ತು. ಸಾಲದ ಲೆಕ್ಕವೆಲ್ಲ ಅದರಲ್ಲಿ, ಮನೆಯವರಿಗೆ ತಿಳಿಯದಂತೆ ಒಂದೊಂದೇ ಅಕ್ಷರದ ಗುರುತಿನಲ್ಲಿ: ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಅಡತಿ (ದಲ್ಲಾಳಿ) ಅಂಗಡಿಗೆ "ಗಂ", ಸೊಸೈಟಿಗೆ "ಸೊ", ಸೋದರಮಾವನ ಕೈಗಡಕ್ಕೆ "ಮಾ". ಒಟ್ಟು ನಾಲ್ಕು ಲಕ್ಷ ಅರವತ್ತು ಸಾವಿರ. ಇದನ್ನು ಹೆಂಡತಿಯ ಮುಂದೆ ಓದುವುದೇ ಅಂದಿನ ಕೆಲಸವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಡೈರಿ ಹೊರಗೆ ತೆಗೆದರು, ಬಾಯಿ ಬರಲಿಲ್ಲ. ಆಗ ಹೆಂಡತಿ ಸೆರಗು ಸರಿಪಡಿಸಿಕೊಂಡು, ಡೈರಿಯ ಕಡೆ ನೋಡದೆಯೇ, ಸಾಲಗಳನ್ನು ಒಂದೊಂದಾಗಿ ಬಾಯಿಪಾಠ ಒಪ್ಪಿಸಿದರು. ಗಂಡ ಬರೆಯಲು ಮರೆತಿದ್ದ ಒಂದನ್ನೂ ಸೇರಿಸಿದರು. ಅಂಗಿ ಒಗೆಯಲು ಹಾಕುವಾಗಲೆಲ್ಲ ಡೈರಿ ಕೈಗೆ ಸಿಗುತ್ತಿತ್ತು. "ಗೊತ್ತದ ಅಂದ್ರ ಅವರಿಗಿ ಅವಮಾನ ಆಗ್ತದಂತ ಸುಮ್ಮ ಇದ್ದೆ ಅಕ್ಕಾರ" ಎಂದು ನನಗೆ ಹೇಳಿದರು. ದೊಡ್ಡಣ್ಣ ಡೈರಿಯನ್ನು ತಿರುವಿ ಮುರುವಿ ನೋಡಿ, "ಹಂಗಾದ್ರ ಎರಡು ವರ್ಷ ನಾ ಯಾರಿಂದ ಮುಚ್ಚಿಡ್ಲಕತ್ತಿದ್ದೆ?" ಎಂದು ಕೇಳಿದರು. ಹೆಂಡತಿ ನಕ್ಕರು, ಅವರೂ ನಕ್ಕರು, ಆಮೇಲೆ ಟವೆಲು ಮುಖಕ್ಕೆ ಹೋಯಿತು. ಈ ಸಲ ನಾನು ಡಬ್ಬಿ ಸರಿಸಲಿಲ್ಲ. ಕಿಟಕಿಯ ಹೊರಗಿನ ಬೇವಿನ ಮರ ನೋಡುತ್ತ ಕೂತೆ.

ಗಂಡಸಿನ ಮೇಲೆ ಗಂಡಸುತನದ ಭಾರ ಹೇರುವವರು ಗಂಡಸರೇ ಎಂಬ ಮಾತು ಅರ್ಧ ಮಾತ್ರ ನಿಜ. ಈ ಮನೆಯಲ್ಲಿ ತಾಯಿ ಅದನ್ನು ಅಕ್ಕರೆಯಿಂದ ಹೇರಿದ್ದರು, ಹೆಂಡತಿ ಮರ್ಯಾದೆ ಕಾಯಲೆಂದು ಹೇರಿದ್ದರು, ತಮ್ಮಂದಿರು ನಂಬಿಕೆಯಿಂದ ಹೇರಿದ್ದರು. ಆದ್ದರಿಂದ ದೊಡ್ಡಣ್ಣನೊಬ್ಬರಿಗೆ ಸಲಹೆ ಕೊಟ್ಟರೆ ಕೆಲಸ ಆಗುವಂತಿರಲಿಲ್ಲ. ಹೆಂಡತಿಗೆ ನಾನು ಹೇಳಿದ್ದು ಇಷ್ಟು: ತಿಳಿದೂ ತಿಳಿಯದಂತೆ ಇರುವುದು ಇನ್ನು ಬೇಡ, ಪ್ರತಿ ಭಾನುವಾರ ಊಟದ ನಂತರ ಇಬ್ಬರೂ ಕೂತು ಡೈರಿ ತೆಗೆಯಬೇಕು, ಸಾಲದ ಮಾತು ಅರ್ಧ ಗಂಟೆಗಿಂತ ಹೆಚ್ಚು ಬೆಳೆಯಬಾರದು.

ತಮ್ಮಂದಿರ ವಿಷಯ ಕಠಿಣವಾಗಿತ್ತು. ಅವರ ಮುಂದೆ ಕೈಚಾಚುವುದಕ್ಕಿಂತ ಹೊಲ ಮಾರುವುದೇ ಲೇಸು ಎಂಬುದು ದೊಡ್ಡಣ್ಣನ ಹಟ. ವಾದ ಮಾಡುವ ಬದಲು ಒಂದು ಪ್ರಶ್ನೆ ಕೇಳಿದೆ: ನಿಮ್ಮ ತಮ್ಮನೇ ಎರಡು ವರ್ಷ ಸಾಲ ಮುಚ್ಚಿಟ್ಟು, ರಾತ್ರಿಯೆಲ್ಲ ಎದೆ ಹಿಡಿದುಕೊಂಡು ಕೂತಿದ್ದು ನಿಮಗೆ ಗೊತ್ತಾದರೆ ಏನು ಮಾಡುತ್ತಿದ್ದಿರಿ? "ಕಪಾಳಕ್ಕ ಒಂದು ಬಿಟ್ಟು, ಸಾಲ ನಾ ನೋಡ್ಕೋತೀನಿ ಸುಮ್ಕಿರು ಅಂತಿದ್ದೆ" ಎಂದರು. ಆ ಅವಕಾಶವನ್ನು ಒಮ್ಮೆಯಾದರೂ ತಮ್ಮನಿಗೆ ಕೊಡಬಾರದೇಕೆ ಎಂದೆ. ಉತ್ತರ ಬರಲಿಲ್ಲ, ಆದರೆ ಮುಂದಿನ ವಾರ ಸೊಸೈಟಿಯ ಕಂತನ್ನು ಕಿರಿಯ ತಮ್ಮ ಕಟ್ಟಿದ್ದ. ಹಿರಿಯ ತಮ್ಮ ಮಾತ್ರ "ನೀನೇ ಹಿಂಗಾದ್ರ ನಾವೇನ್ ಮಾಡ್ಬೇಕು" ಎಂದು ಮುನಿಸಿಕೊಂಡವರು ಇನ್ನೂ ಪೂರ್ತಿ ಸರಿಹೋಗಿಲ್ಲ.

ದಿನನಿತ್ಯದ ಸಲಹೆಗಳು ಸಾಮಾನ್ಯವಾದವೇ. ಬೆಳಿಗ್ಗೆ ಕೆಲಸವಿರಲಿ ಇಲ್ಲದಿರಲಿ ಎರಡು ತಾಸು ಹೊಲಕ್ಕೆ ಹೋಗುವುದು. ಎದೆ ಹಿಡಿದಾಗಲೆಲ್ಲ ಅದಕ್ಕೆ ಮುಂಚಿನ ಒಂದು ತಾಸಿನಲ್ಲಿ ಏನಾಯಿತು, ಯಾರ ಫೋನ್ ಬಂತು ಎಂದು ಅದೇ ಡೈರಿಯ ಹಿಂದಿನ ಹಾಳೆಯಲ್ಲಿ ಬರೆಯುವುದು. ಮೂರನೆಯ ವಾರದ ಹೊತ್ತಿಗೆ ಆ ಹಾಳೆಯಲ್ಲಿ "ಗಂ" ಎಂಬ ಗುರುತು ಆರು ಸಲ ಬಂದಿತ್ತು. ಅಡತಿ ಅಂಗಡಿಯವರ ಫೋನಿಗೂ ಎದೆಗೂ ಇರುವ ನಂಟನ್ನು ನಾನು ವಿವರಿಸಬೇಕಾಗಲಿಲ್ಲ, ಅವರೇ ಬೆರಳಿಟ್ಟು ತೋರಿಸಿದರು. ಅಂದು ಮತ್ತೆ ಆ ಒಂಬತ್ತು ಪ್ರಶ್ನೆ ಕೇಳಿದಾಗ ದುಃಖದ ಪ್ರಶ್ನೆಗೆ ಎರಡು ಅಂಕ ಕೊಟ್ಟುಕೊಂಡರು, ಒಟ್ಟು ಅಂಕ ಏರಿತು. ಕಡತ ನೋಡುವವರಿಗೆ ರೋಗ ಹೆಚ್ಚಿದಂತೆ ಕಂಡೀತು. ನನಗೆ ಅದು ಒಳ್ಳೆಯ ಸುದ್ದಿಯಾಗಿತ್ತು.

ಮಾತ್ರೆ ಹನ್ನೊಂದು ತಿಂಗಳು ನಡೆದು ವೈದ್ಯರ ಸಲಹೆಯಂತೆ ನಿಧಾನವಾಗಿ ನಿಂತಿತು. ಕುಡಿತ ನಿತ್ಯದಿಂದ ಜಾತ್ರೆ ಮದುವೆಗಳಿಗೆ ಇಳಿದಿದೆ, ನಿಂತಿಲ್ಲ. ಸಾಲ ಅರ್ಧ ಉಳಿದಿದೆ. ಮೂರು ತಿಂಗಳಿಗೊಮ್ಮೆ ನನ್ನ ಬಳಿಗೆ ಬರುತ್ತಾರೆ, ಊರಲ್ಲಿ ಕೇಳಿದವರಿಗೆ ಇಂದಿಗೂ ಬಿಪಿ ತೋರಿಸಲು ಹೋಗುತ್ತೇನೆ ಎನ್ನುತ್ತಾರೆ. ಕಳೆದ ಸಲ ಜೊತೆಗೆ ಇನ್ನೊಬ್ಬರನ್ನು ಕರೆತಂದಿದ್ದರು: ಪಕ್ಕದ ಹೊಲದವರು, ಐವತ್ತರ ಆಸುಪಾಸು, ಬಾಗಿಲಲ್ಲೇ ನಿಂತು ಒಳಗೆ ಬರಲು ಒಲ್ಲೆ ಎನ್ನುತ್ತಿದ್ದರು. ದೊಡ್ಡಣ್ಣ ಕುರ್ಚಿಯನ್ನು ತಾವೇ ಎತ್ತಿ ಕಿಟಕಿಯ ಕಡೆ ತಿರುಗಿಸಿ ಹಾಕಿದರು. "ಇವರಿಗೂ ಬಿಪಿ ಅದರಿ ಮೇಡಂ" ಎಂದು ಹೇಳಿ, ಬಾಗಿಲು ಮುಂದಕ್ಕೆಳೆದುಕೊಂಡು ಹೊರಗೆ ಹೋಗಿ ಕೂತರು.