ಓದುಗರ ಪ್ರಶ್ನೆ: ಐದು ಲಕ್ಷದ ವಾಚಿನಲ್ಲಿ ಇರುವುದೇನು?

ಪ್ರಶ್ನೆ: ನಾನು ಶಿರಸಿ ಸಮೀಪದ ಅಡಿಕೆ ಬೆಳೆಗಾರ. ಬರುವ ಚೈತ್ರದಲ್ಲಿ ನನ್ನ ಷಷ್ಟ್ಯಬ್ದಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಅಂದು ನನಗೊಂದು ಸ್ವಿಸ್ ಕೈಗಡಿಯಾರ ಕೊಡಿಸುವುದಾಗಿ ಹಠ ಹಿಡಿದಿದ್ದಾನೆ. ಬೆಲೆ ಕೇಳಿದರೆ ಐದು ಲಕ್ಷ ಎನ್ನುತ್ತಾನೆ. ಈಗ ನನ್ನ ಕೈಯಲ್ಲಿರುವುದು ಮದುವೆಯಲ್ಲಿ ಮಾವನವರು ಕೊಟ್ಟ ಎಚ್‌ಎಂಟಿ ಜನತಾ. ದಿನವೂ ಬೆಳಿಗ್ಗೆ ಚಾವಿ ಕೊಡುತ್ತೇನೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ ಎಂಬುದನ್ನು ಬಿಟ್ಟರೆ ಅದರ ಮೇಲೆ ನನ್ನ ದೂರಿಲ್ಲ. ಅಷ್ಟು ದುಡ್ಡಿಗೆ ತಕ್ಕದ್ದು ಆ ಹೊಸ ವಾಚಿನಲ್ಲಿ ನಿಜಕ್ಕೂ ಇದೆಯೇ, ಇಲ್ಲವೇ ಅದು ಬರೀ ಹೆಸರಿನ ಬೆಲೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸಮಯ ತೋರಿಸುವ ಕೆಲಸವೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಐದು ಲಕ್ಷದ ಚಾವಿ ವಾಚು ಒಂದೂವರೆ ಸಾವಿರದ ಸೆಲ್ ವಾಚಿಗೆ ಸೋಲುತ್ತದೆ. ಇದು ಅಭಿಪ್ರಾಯದ ಮಾತಲ್ಲ, ಎರಡೂ ಯಂತ್ರಗಳ ರಚನೆಯಲ್ಲೇ ಇರುವ ವ್ಯತ್ಯಾಸ. ಸೆಲ್ ವಾಚಿನೊಳಗಿನ ಸ್ಫಟಿಕದ ಪುಟ್ಟ ಕವಲು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಉಳಿಯುವುದರಿಂದ, ಒಳಗಿನ ಎಲೆಕ್ಟ್ರಾನಿಕ್ ಚಿಪ್ ಹಾಗೆಯೇ ಎಣಿಸಿ ಸೆಕೆಂಡಿಗೊಮ್ಮೆ ಮುಳ್ಳನ್ನು ಮುಂದಕ್ಕೆ ತಳ್ಳುತ್ತದೆ. ನಿಮ್ಮ ಜನತಾದೊಳಗೆ ಅತ್ತಿತ್ತ ತೂಗುತ್ತ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಾರಿ ಮಿಡಿದರೆ, ಇಂದಿನ ಸ್ವಿಸ್ ವಾಚುಗಳಲ್ಲಿ ಹೆಚ್ಚಿನವು ಎಂಟು ಬಾರಿ ಮಿಡಿಯುತ್ತವೆ. ಮಿಡಿತ ಹೆಚ್ಚಿದಷ್ಟೂ ಕೈಯ ಅಲುಗಾಟ, ಮಲಗಿಸಿಟ್ಟ ಭಂಗಿ ಇವುಗಳಿಂದ ಆಗುವ ತಪ್ಪು ಕಡಿಮೆ. ವಾಚು ಎಷ್ಟು ನಿಖರವೆಂದು ಅಳೆಯುವ ಸ್ವಿಟ್ಜರ್ಲೆಂಡಿನ ಕ್ರೊನೊಮೀಟರ್ ಪರೀಕ್ಷೆಯಲ್ಲಿ ಪಾಸಾಗಬೇಕಾದರೆ ಯಂತ್ರವು ಸರಾಸರಿ ದಿನಕ್ಕೆ ನಾಲ್ಕು ಸೆಕೆಂಡಿಗಿಂತ ಹಿಂದೆ ಬೀಳಬಾರದು, ಆರಕ್ಕಿಂತ ಮುಂದೆ ಓಡಬಾರದು. ರೋಲೆಕ್ಸ್ ತನ್ನ ವಾಚುಗಳಿಗೆ ಹಾಕಿಕೊಂಡ ಮಿತಿ ಇನ್ನೂ ಬಿಗಿ, ಎರಡೂ ಕಡೆಗೆ ಎರಡೇ ಸೆಕೆಂಡು. ದಿನದ 86,400 ಸೆಕೆಂಡುಗಳಲ್ಲಿ ಎರಡು ಎಂದರೆ, ಸ್ಪ್ರಿಂಗು ಮತ್ತು ಹಲ್ಲಿನ ಚಕ್ರಗಳಿಂದಷ್ಟೇ ನಡೆಯುವ ಯಂತ್ರಕ್ಕೆ ಅದು ಬೆರಗಿನ ಸಾಧನೆ. ಆದರೂ ತಿಂಗಳಿಗೆ ಲೆಕ್ಕ ಹಾಕಿದರೆ ಅದು ಒಂದು ನಿಮಿಷವಾಗುತ್ತದೆ. ಶಾಲೆಗೆ ಹೋಗುವ ಹುಡುಗರು 1989ರಿಂದ ಕಟ್ಟುತ್ತಿರುವ ಕ್ಯಾಸಿಯೊದ ಎಫ್-91ಡಬ್ಲ್ಯು ಎಂಬ ಪ್ಲಾಸ್ಟಿಕ್ ವಾಚಿನ ಮಿತಿ ತಿಂಗಳಿಗೆ ಮೂವತ್ತು ಸೆಕೆಂಡು.

ಈ ಸೋಲು ಸ್ವಿಸ್ಸರಿಗೆ ನಮಗಿಂತ ಬಹಳ ಮೊದಲೇ ತಿಳಿಯಿತು. ಜಪಾನಿನ ಸೈಕೊ ಕಂಪನಿ 1969ರ ಡಿಸೆಂಬರ್ 25ರಂದು ಮೊದಲ ಸ್ಫಟಿಕದ ಕೈಗಡಿಯಾರ ಮಾರಾಟಕ್ಕಿಟ್ಟಾಗ ಅದರ ಬೆಲೆ 4,50,000 ಯೆನ್, ಅಂದರೆ ಆಗಿನ ಒಂದು ಚಿಕ್ಕ ಕಾರಿನಷ್ಟು. ಮುಂದಿನ ಹದಿನೈದು ವರ್ಷಗಳಲ್ಲಿ ಆ ತಂತ್ರ ಅಗ್ಗವಾದ ಹಾಗೆಲ್ಲ ಸ್ವಿಟ್ಜರ್ಲೆಂಡಿನ ವಾಚು ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು. 1970ರಲ್ಲಿ ಸುಮಾರು 90,000 ಇದ್ದ ಕೆಲಸಗಾರರ ಸಂಖ್ಯೆ ಎಂಬತ್ತರ ದಶಕದ ನಡುವಿಗೆ ಅದರ ಮೂರನೆಯ ಒಂದು ಭಾಗದ ಹತ್ತಿರಕ್ಕೆ ಇಳಿಯಿತು. ಸಮಯ ಮಾರುವುದರಲ್ಲಿ ಸೋತು ಉಳಿದವರು ಬೇರೆ ಏನನ್ನೋ ಮಾರಲು ಕಲಿತರು. ನಿಮ್ಮ ಮಗ ಕೊಳ್ಳಹೊರಟಿರುವುದು ಆ ಬೇರೆ ಏನನ್ನೋ.

ಅದರಲ್ಲಿ ಸರಕು ಇಲ್ಲವೆಂದಲ್ಲ. ನಮ್ಮ ಜಿಲ್ಲೆಯ ಗುಡಿಗಾರರ ಗಂಧದ ಕೆಲಸ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ಕೊರಡಿನಿಂದ ತೆಗೆದ ಎರಡು ಪೆಟ್ಟಿಗೆಗಳಲ್ಲಿ ನುಣುಪಾದ ಒಂದಕ್ಕೆ ಒಂದು ಬೆಲೆ, ಬಳ್ಳಿ, ಹಂಸ, ಆನೆಗಳನ್ನು ಕೆತ್ತಿದ ಇನ್ನೊಂದಕ್ಕೆ ಹತ್ತು ಪಟ್ಟು ಬೆಲೆ. ಎರಡರಲ್ಲೂ ಇಡುವ ಸರ ಒಂದೇ. ವಾಚಿನ ಉತ್ತಮ ಯಂತ್ರಗಳಲ್ಲಿಯೂ ಹಾಗೆಯೇ ಸೇತುವೆಯಾಕಾರದ ಪ್ರತಿ ಬಿಲ್ಲೆಯ ಅಂಚನ್ನು ಕೈಯಿಂದ ಓರೆಯಾಗಿ ಅರೆದು, ಮೂಲೆ ಮೂಲೆಗೂ ಹೊಳಪು ಕೊಟ್ಟು, ಸ್ಕ್ರೂಗಳನ್ನು ಬೆಂಕಿಯಲ್ಲಿ ಕಾಯಿಸಿ ನೀಲಿ ಬಣ್ಣಕ್ಕೆ ತರುತ್ತಾರೆ. ಅದರಿಂದ ಗಡಿಯಾರ ಹೆಚ್ಚು ಸರಿಯಾಗಿ ನಡೆಯುವುದಿಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಬಲ್ಲವರಿಗೆ ಮಾತ್ರ ಕಾಣುವ ಚೆಲುವು ಅದು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಅಂಥ ಕೈಗೆಲಸ ಐದು ಲಕ್ಷದ ವಾಚಿನಲ್ಲಿ ಇರುವುದು ಅಪರೂಪ. ಆ ಬೆಲೆಯಲ್ಲಿ ಸಿಗುವುದು ಬಹುಪಾಲು ಯಂತ್ರವೇ ಕೊಟ್ಟ ಹೊಳಪು, ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದದ್ದು, ತುಂಬ ಚೆನ್ನಾಗಿ ತಯಾರಾದದ್ದು. ಮಸೂರ ಹಿಡಿದು ನೋಡಬೇಕಾದ ಕೆತ್ತನೆ ಶುರುವಾಗುವುದು ಅದರಾಚೆಯ, ನಾವು ನೀವು ಹೆಸರು ಹಿಡಿದು ಮಾತನಾಡಲಾಗದ ಬೆಲೆಗಳಲ್ಲಿ.

ಬೆಲೆ ಏರಿದ ಹಾಗೆ ಗುಣ ಎಷ್ಟು ಏರುತ್ತದೆ ಎಂಬುದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಐದು ಸಾವಿರದಿಂದ ಮೂವತ್ತು, ಐವತ್ತು ಸಾವಿರದವರೆಗೆ ಹೋದಾಗ ಕೈಗೆ ತಿಳಿಯುವಂಥ ಬದಲಾವಣೆಗಳಿವೆ. ಗೀರು ಬೀಳದ ನೀಲಮಣಿಯ ಗಾಜು, ಲೇಪ ಕೊಟ್ಟ ಹಿತ್ತಾಳೆಯ ಬದಲು ಗಟ್ಟಿ ಸ್ಟೇನ್‌ಲೆಸ್ ಸ್ಟೀಲು, ನೀರು ತಡೆಯುವ ರಬ್ಬರ್ ರಿಂಗುಗಳು, ಕೈಯ ಅಲುಗಾಟದಿಂದ ತಾನೇ ಚಾವಿ ಪಡೆಯುವ ಯಂತ್ರ. ಐವತ್ತು ಸಾವಿರದಿಂದ ಐದು ಲಕ್ಷಕ್ಕೆ ಹೋದಾಗ ಸಮಯದ ಹೊಂದಾಣಿಕೆ ಸೂಕ್ಷ್ಮವಾಗುತ್ತದೆ, ಡಯಲಿನ ಮುಳ್ಳು ಮತ್ತು ಗುರುತುಗಳು ಹರಿತವಾಗುತ್ತವೆ, ಅನೇಕ ಕಡೆ ಯಂತ್ರವನ್ನು ಕಂಪನಿಯೇ ತಯಾರಿಸಿರುತ್ತದೆ. ಬೆಲೆ ಹತ್ತು ಪಟ್ಟಾದರೆ ಗುಣ ಎರಡು ಪಟ್ಟೂ ಆಗುವುದಿಲ್ಲ. ಉಳಿದದ್ದು ಹೆಸರಿಗೆ, ಜಾಹೀರಾತಿಗೆ, ಮಳಿಗೆಯ ಬಾಡಿಗೆಗೆ ಮತ್ತು ಸರ್ಕಾರಕ್ಕೆ ಸೇರುತ್ತದೆ. ಶೇಕಡಾ 18ರ ಜಿಎಸ್‌ಟಿ ಸೇರಿ ಐದು ಲಕ್ಷವಾದರೆ ಅದರಲ್ಲಿ ಸುಮಾರು 76,000 ರೂಪಾಯಿ ತೆರಿಗೆಯೇ. ಆಮದು ಸುಂಕ ಬೇರೆ. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳೊಂದಿಗೆ ಭಾರತ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಆ ಸುಂಕ ಹಂತಹಂತವಾಗಿ ಇಳಿಯುತ್ತ ಹೋಗುತ್ತದೆ ಎಂಬುದನ್ನು ಆತುರವಿಲ್ಲದವರು ನೆನಪಿಟ್ಟುಕೊಳ್ಳಬಹುದು. ‘ಸ್ವಿಸ್ ಮೇಡ್’ ಎಂಬ ಬರಹವನ್ನೂ ಹೆಚ್ಚು ಪೂಜಿಸಬೇಕಾಗಿಲ್ಲ. 2017ರಿಂದ ಜಾರಿಯಲ್ಲಿರುವ ನಿಯಮದಂತೆ ತಯಾರಿಕೆಯ ವೆಚ್ಚದಲ್ಲಿ ಶೇಕಡಾ 60ರಷ್ಟು ಆ ದೇಶದಲ್ಲಿ ಆಗಿದ್ದರೆ, ಉಳಿದ ಷರತ್ತುಗಳೊಂದಿಗೆ, ಆ ಬರಹ ಸಿಗುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ವ್ಯಾಪಾರ ಐದು ಲಕ್ಷದ ವಾಚು ಅಲ್ಲ. ಬಟ್ಟೆ, ಅತ್ತರು ಮಾರುವ ಫ್ಯಾಷನ್ ಕಂಪನಿಗಳ ಹೆಸರು ಹೊತ್ತ ಹದಿನೈದು, ಇಪ್ಪತ್ತು ಸಾವಿರದ ವಾಚು. ಅವುಗಳಲ್ಲಿ ಹಲವನ್ನು ಬಿಚ್ಚಿ ನೋಡಿದರೆ ಎರಡು ಸಾವಿರದ ವಾಚಿನಲ್ಲಿರುವ ಸೆಲ್ ಯಂತ್ರವೇ ಕಾಣುತ್ತದೆ. ಸ್ವಿಸ್ ವಾಚು ಕೊಂಡವನಿಗೆ ಕೊನೆಗೆ ಒಳ್ಳೆಯ ವಸ್ತುವಾದರೂ ಉಳಿಯುತ್ತದೆ.

ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ರಿಪೇರಿಯದು. ಸ್ಪ್ರಿಂಗಿನಿಂದ ನಡೆಯುವ ಯಾವ ಯಂತ್ರಕ್ಕೂ ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕಾಗುತ್ತದೆ. ನಿಮ್ಮ ಜನತಾವನ್ನು ಪೇಟೆಯ ಹಳೆಯ ರಿಪೇರಿಯವರು ಕೆಲವು ನೂರು ರೂಪಾಯಿಗೆ ಮಾಡಿಕೊಡುತ್ತಾರೆ. ಐದು ಲಕ್ಷದ್ದನ್ನು ಘಟ್ಟದ ಮೇಲಿನ ಯಾವ ಅಂಗಡಿಯವರೂ ಮುಟ್ಟಲೊಪ್ಪುವುದಿಲ್ಲ, ಮುಟ್ಟಲೂಬಾರದು. ಅದು ಬೆಂಗಳೂರಿಗೋ ಮುಂಬಯಿಗೋ ಹೋಗಿ ವಾರಗಟ್ಟಲೆ ಕೂತು, ಹತ್ತಾರು ಸಾವಿರದ ಬಿಲ್ಲಿನೊಂದಿಗೆ ಮರಳುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ ಶುರುವಾದ ಎಚ್‌ಎಂಟಿಯ ವಾಚು ವಿಭಾಗ 2016ರಲ್ಲಿ ಬಾಗಿಲು ಹಾಕಿದರೂ, ಹದಿನೇಳು ಕಲ್ಲಿನ (ಚಕ್ರದ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು) ಆ ಸರಳ ಯಂತ್ರಗಳು ಲೆಕ್ಕವಿಲ್ಲದಷ್ಟು ತಯಾರಾಗಿದ್ದರಿಂದ ಹಳೆಯ ವಾಚುಗಳಿಂದ ಕಳಚಿದ ಭಾಗಗಳು ಇಂದಿಗೂ ಸಿಗುತ್ತವೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುವುದು ರೋಗವಲ್ಲ. ಎಣ್ಣೆ ಹಾಕಿಸಿ, ಬ್ಯಾಲೆನ್ಸಿನ ಪಕ್ಕದ ಚಿಕ್ಕ ಸನ್ನೆಕೋಲನ್ನು ಕೂದಲೆಳೆಯಷ್ಟು ಸರಿಸಿದರೆ ಬಹುಶಃ ಸರಿಯಾಗುತ್ತದೆ.

ಆದ್ದರಿಂದ ಮಗನಿಗೆ ಹೀಗೆ ಹೇಳಿ ನೋಡಿ: ಮೊದಲು ಜನತಾದ ಸರ್ವಿಸ್ ಆಗಲಿ, ಅದಕ್ಕೆ ಹೊಸ ಗಾಜು, ಹೊಸ ಬೆಲ್ಟು ಬರಲಿ. ಹೊಸ ವಾಚು ಕೊಡಲೇಬೇಕೆಂದಿದ್ದರೆ ಇಪ್ಪತ್ತೈದರಿಂದ ಅರವತ್ತು ಸಾವಿರದೊಳಗಿನ ಜಪಾನಿನ ಅಥವಾ ಸ್ವಿಟ್ಜರ್ಲೆಂಡಿನ ಆಟೊಮ್ಯಾಟಿಕ್ ಒಂದನ್ನು ತರಲಿ. ಕಂತಿನ ಸಾಲ ಮಾಡಿ ಐದು ಲಕ್ಷ ಸುರಿಯುವುದಾದರೆ ನೀವು ತಂದೆಯಾಗಿ ಬೇಡವೆನ್ನಬೇಕು. ಹಣ ಕೈಯಲ್ಲಿದ್ದು, ಅಪ್ಪನಿಗೆ ಕೊಡುವ ಖುಷಿಯೊಂದೇ ಅವನ ಲೆಕ್ಕವಾಗಿದ್ದರೆ ತೆಗೆದುಕೊಳ್ಳಿ. ಆದರೆ ಲಾಕರಿನಲ್ಲಿ ಇಡಬೇಡಿ, ದಿನವೂ ಕಟ್ಟಿ.

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನಲ್ಲಿ ನನ್ನ ಕೆಲಸ. ಎರಡು ಮಳೆಗಾಲಗಳಲ್ಲಿ ಎರಡು ವಾಚುಗಳ ಒಳಗೆ ನೀರಿಳಿಯಿತು. ಎರಡರ ಬೆನ್ನ ಮೇಲೂ ‘30 ಮೀಟರ್’ ಎಂದು ಬರೆದಿತ್ತು. ದುಬಾರಿ ವಾಚು ಕೊಂಡರೆ ಈ ಕಾಟ ತಪ್ಪುತ್ತದೆಯೇ?
— ಓದುಗರೊಬ್ಬರು, ಕಾರವಾರ

ಉತ್ತರ: ದುಬಾರಿಯದೇ ಬೇಕೆಂದಿಲ್ಲ, ಸರಿಯಾದದ್ದು ಬೇಕು. ಮೂವತ್ತು ಮೀಟರ್ ಎಂಬುದು ನೀವು ಇಳಿಯಬಹುದಾದ ಆಳವಲ್ಲ. ಪರೀಕ್ಷೆಯಲ್ಲಿ ಹೊಸ ವಾಚು ಅಲುಗಾಡದೆ ತಡೆದ ಒತ್ತಡ ಅದು. ಬಳಕೆಯಲ್ಲಿ ಅದರ ಅರ್ಥ ಕೈ ತೊಳೆಯುವಾಗಿನ ಸಿಡಿಹನಿ, ಅಷ್ಟೇ. ಈಜಲು 100 ಮೀಟರ್ ಎಂದು ಬರೆದಿರಬೇಕು. ಉಪ್ಪುನೀರಿನಲ್ಲೇ ಕೆಲಸವಿದ್ದವರಿಗೆ 200 ಮೀಟರಿನದು ಒಳ್ಳೆಯದು. 1983ರಿಂದ ಬರುತ್ತಿರುವ ಕ್ಯಾಸಿಯೊದ ಜಿ-ಶಾಕ್ ವಾಚುಗಳು ಆ ಮಟ್ಟದವು. ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ, ಬಿದ್ದರೂ ಕೆಡುವುದಿಲ್ಲ.

ನನ್ನ ಸೋದರಮಾವ ಇದೇ ಊರಿನಲ್ಲಿ ಬಹಳ ಕಾಲ ವಾಚು ರಿಪೇರಿ ಅಂಗಡಿ ಇಟ್ಟಿದ್ದರು. ಉಳಿದವರಿಗೆ ದೀಪಾವಳಿ ವ್ಯಾಪಾರದ ಕಾಲವಾದರೆ ಅವರಿಗೆ ಆಷಾಢ. ನೀರು ಹೊಕ್ಕ ವಾಚುಗಳಲ್ಲಿ ಬೆಲೆಬಾಳುವವೂ ಇರುತ್ತಿದ್ದವು, ಏಕೆಂದರೆ ನೀರು ತಡೆಯುವುದು ಹೆಸರಲ್ಲ, ಹಿಂಬದಿಯ ಮುಚ್ಚಳ ಮತ್ತು ಚಾವಿಯ ಸುತ್ತಲಿನ ರಬ್ಬರ್ ರಿಂಗು. ನಮ್ಮ ಬಿಸಿಲಿಗೆ, ಬೆವರಿಗೆ, ಉಪ್ಪಿಗೆ ಅದು ಗಡುಸಾಗಿ ಬಿರಿಯುತ್ತದೆ. ಸೆಲ್ ಬದಲಿಸುವಾಗಲೆಲ್ಲ ಆ ರಿಂಗನ್ನೂ ಬದಲಿಸಿ ಎಂದು ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಹಳೆಯದನ್ನೇ ಒತ್ತಿ ಕೂರಿಸುತ್ತಾರೆ. ಸಮುದ್ರದ ನೀರು ತಗಲಿದ ದಿನ, ಚಾವಿ ಒಳಕ್ಕೆ ಒತ್ತಿದೆಯೆಂದು ನೋಡಿಕೊಂಡು, ನಲ್ಲಿಯ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಚರ್ಮದ ಬೆಲ್ಟು ನಮ್ಮ ಮಳೆಗಾಲಕ್ಕಲ್ಲ, ಬೂಸ್ಟು ಹಿಡಿಯುತ್ತದೆ.

ಹಣ ಹೆಚ್ಚು ಹಾಕಲು ಇಲ್ಲಿ ಒಂದೇ ಕಾರಣವಿದೆ, ಗಾಜು. ಟಾಗೋರ್ ಕಡಲತೀರದ ಮರಳಿನಲ್ಲಿರುವ ಸ್ಫಟಿಕ ಕಣದ ಗಡಸುತನ ಮೋಸ್ ಮಾಪನದಲ್ಲಿ 7. ಸಾಮಾನ್ಯ ಗಾಜು ಅದಕ್ಕಿಂತ ಮೆದು, ಆದ್ದರಿಂದ ಗೀರು ಬೀಳುತ್ತದೆ. ನೀಲಮಣಿಯ ಗಾಜು 9, ಮರಳು ಅದಕ್ಕೆ ಏನೂ ಮಾಡದು. ಆದರೆ ಕಲ್ಲಿಗೆ ಬಲವಾಗಿ ಬಡಿದರೆ ಅದೂ ಒಡೆಯುತ್ತದೆ.

ಪ್ರಶ್ನೆ: ದುಬೈಯಲ್ಲಿರುವ ನನ್ನ ಅಣ್ಣನ ಮಗ, ರೋಲೆಕ್ಸ್ ಕೊಂಡಿಟ್ಟರೆ ಚಿನ್ನದ ಹಾಗೆ ಬೆಲೆ ಏರುತ್ತದೆ, ನಿಮ್ಮ ಉಳಿತಾಯ ಕೊಡಿ ತರುತ್ತೇನೆ ಎನ್ನುತ್ತಿದ್ದಾನೆ. ನಂಬಬಹುದೇ?
— ಓದುಗರೊಬ್ಬರು, ಭಟ್ಕಳ

ಉತ್ತರ: ಹುಡುಗ ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ, ಹಳೆಯದಾದ ಅರ್ಧ ಸತ್ಯ. ರೋಲೆಕ್ಸ್, ಪಟೇಕ್ ಫಿಲಿಪ್, ಓಡ್ಮಾರ್ ಪಿಗೆ ಕಂಪನಿಗಳ ಕೆಲವೇ ಸ್ಟೀಲ್ ಮಾದರಿಗಳು ಮಳಿಗೆಯ ಬೆಲೆಗಿಂತ ಹೆಚ್ಚಿಗೆ ಕೈ ಬದಲಾಯಿಸಿದ್ದುಂಟು. ಕೊರೋನಾ ಕಾಲದಲ್ಲಿ ಆ ಬೆಲೆಗಳು ಹುಚ್ಚಾಗಿ ಏರಿ, 2022ರ ಆರಂಭದಲ್ಲಿ ತುದಿ ಮುಟ್ಟಿ, ನಂತರ ಚೆನ್ನಾಗಿಯೇ ಇಳಿದವು. ತುದಿಯಲ್ಲಿ ಕೊಂಡವರು ನಷ್ಟ ಅನುಭವಿಸಿದರು. ಬೇಡಿಕೆಯಿರುವ ಆ ಮಾದರಿಗಳು ಮಳಿಗೆಯ ಬೆಲೆಗೆ ಕೇಳಿದವರಿಗೆಲ್ಲ ಸಿಗುವುದಿಲ್ಲ, ಕಾಯಬೇಕು. ಕೂಡಲೇ ಸಿಗುವ ಬಹುಪಾಲು ದುಬಾರಿ ವಾಚುಗಳು ಮಳಿಗೆಯ ಬಾಗಿಲು ದಾಟಿದ ಕ್ಷಣವೇ ಹಳೆಯ ಮಾಲಾಗಿ, ಮರುಮಾರಾಟದಲ್ಲಿ ಬೆಲೆ ಕಳೆದುಕೊಳ್ಳುತ್ತವೆ.

ಚಿನ್ನದ ಹೋಲಿಕೆಯೂ ಇಲ್ಲಿ ಹೊಂದುವುದಿಲ್ಲ. ಬಳೆಯನ್ನು ಭಟ್ಕಳದ ಯಾವ ಚಿನ್ನದಂಗಡಿಗೆ ಒಯ್ದರೂ ತೂಗಿ, ಒರೆ ಹಚ್ಚಿ, ಆ ದಿನದ ದರಕ್ಕೆ ಹಣ ಎಣಿಸಿ ಕೊಡುತ್ತಾರೆ. ವಾಚನ್ನು ಮಾರಲು ದೊಡ್ಡ ಊರಿನ ವ್ಯಾಪಾರಿಯನ್ನು ಹುಡುಕಬೇಕು. ಅವರು ಬಿಲ್ಲು, ಗ್ಯಾರಂಟಿ ಕಾರ್ಡು, ಪೆಟ್ಟಿಗೆ, ಸರ್ವಿಸ್ ಚೀಟಿ ಕೇಳಿ, ಒಂದು ಇಲ್ಲದಿದ್ದರೂ ಬೆಲೆ ಇಳಿಸಿ, ಮೇಲೆ ತಮ್ಮ ಲಾಭ ಮುರಿದುಕೊಳ್ಳುತ್ತಾರೆ. ದುಬೈಯಿಂದ ತರುವಾಗ ಪ್ರಯಾಣಿಕರಿಗಿರುವ ಮಿತಿ ಮೀರಿದ ಮೌಲ್ಯಕ್ಕೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕು. ಕೈಗೆ ಕಟ್ಟಿಕೊಂಡು ಬಂದರೆ ಸುಂಕವಿಲ್ಲವೆಂಬ ಮಾತನ್ನು ನಂಬಿದರೆ ವಾಚೂ ಹೋದೀತು. ಸುಂಕದ ರಸೀದಿಯಿಲ್ಲದೆ ಬಂದ ವಾಚನ್ನು ನಾಳೆ ಮಾರಹೊರಟಾಗ ನೆಟ್ಟಗಿನ ವ್ಯಾಪಾರಿ ಮುಟ್ಟುವುದಿಲ್ಲ, ಮುಟ್ಟುವವನು ಕೊಡುವ ಬೆಲೆ ನಿಮಗೆ ಒಪ್ಪಿಗೆಯಾಗುವುದಿಲ್ಲ.