ಹೂಜಿಯರ್ ಬೀರು ಮತ್ತು ಎರಡು ಫ್ರಾಂಕ್‌ಫರ್ಟ್‌ಗಳು

ಓದುಗರ ಪತ್ರ (ಸಂಕ್ಷಿಪ್ತವಾಗಿ): ಮಾಡ್ಯುಲರ್ ಕಿಚನ್ ಎಂಬುದು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾವು ಒಹಾಯೊದಲ್ಲಿ ಕೊಂಡ ಹಳೇ ಮನೆಯ ಗ್ಯಾರೇಜಿನಲ್ಲಿ ಓಕ್ ಮರದ ಒಂದು ಬೀರು ಸಿಕ್ಕಿದೆ. ಎಡಕ್ಕೆ ಉದ್ದನೆಯ ತಗಡಿನ ಡಬ್ಬ, ಅದರ ಬುಡದಲ್ಲಿ ಜರಡಿ. ನಡುವೆ ಮುಂದಕ್ಕೆ ಎಳೆಯಬಹುದಾದ ಬಿಳಿ ಎನಾಮಲ್ ಹಲಗೆ. ಕೆಳಗೆ ತೂತು ಮುಚ್ಚಳದ ತಗಡಿನ ಡ್ರಾಯರು. ಹೆಸರಿನ ಪಟ್ಟಿಯಲ್ಲಿ ‘ನ್ಯೂ ಕ್ಯಾಸಲ್, ಇಂಡಿಯಾನಾ’ ಎಂದಿದೆ. ಪಕ್ಕದ ಮನೆಯ ಅಜ್ಜಿ ನೋಡಿದವರೇ “ಓ, ಹೂಜಿಯರ್!” ಅಂದರು. ಒಂದೇ ಬೀರುವಿನಲ್ಲಿ ಇಡೀ ಅಡುಗೆಮನೆ ಇದೆಯಲ್ಲ, ನಿಮ್ಮ ಲೇಖನ ಇದನ್ನೇಕೆ ಬಿಟ್ಟಿತು? ಇನ್ನೊಂದು ಪ್ರಶ್ನೆ: ಇದಕ್ಕೆ ಚಪಾತಿ ಹಿಟ್ಟು ತುಂಬಿಡಬಹುದೇ?

ಉತ್ತರ: ನಮಸ್ಕಾರ. ಬಿಟ್ಟಿದ್ದು ನಮ್ಮ ತಪ್ಪು, ಒಪ್ಪಿಕೊಂಡೆ. ಲೇಖನವನ್ನು ತಿದ್ದಿದವನೇ ನಾನು. ನಿಮ್ಮ ಗ್ಯಾರೇಜಿನಲ್ಲಿರುವ ಬೀರು ಆ ಕಥೆಯ ಮೊದಲ ಅಧ್ಯಾಯ. ನಾವು ಓದುಗರಿಗೆ ಎರಡನೆಯದರಿಂದ ಹೇಳಿಬಿಟ್ಟೆವು.

ಮೊದಲು ಹೆಸರು. ನಮ್ಮ ನೀರಿನ ಹೂಜಿಗೂ ಹೂಜಿಯರ್‌ಗೂ ಸಂಬಂಧವಿಲ್ಲ! ಇಂಡಿಯಾನಾದವರನ್ನು ಅಮೆರಿಕದಲ್ಲಿ ಹೂಜಿಯರ್ ಅನ್ನುತ್ತಾರೆ. ಅದೇ ಹೆಸರಿನ ಕಂಪನಿ 1898ರಲ್ಲಿ ಆ ರಾಜ್ಯದ ಆಲ್ಬನಿ ಎಂಬ ಊರಿನಲ್ಲಿ ಶುರುವಾಯಿತು. 1900ರಲ್ಲಿ ಕಾರ್ಖಾನೆ ಬೆಂಕಿಗೆ ಆಹುತಿಯಾದ ಮೇಲೆ ನ್ಯೂ ಕ್ಯಾಸಲ್‌ಗೆ ಹೋಯಿತು. 1920ರ ದಶಕದ ಆರಂಭಕ್ಕೆ ಅದು ಮಾರಿದ ಬೀರುಗಳು ಸುಮಾರು 20 ಲಕ್ಷ. ಎಲ್ವುಡ್‌ನ ಸೆಲ್ಲರ್ಸ್, ನ್ಯಾಪನಿಯ ಕಾಪಿಸ್, ಹೀಗೆ ಅದೇ ರಾಜ್ಯದ ಪೈಪೋಟಿದಾರರೂ ಇಂಥವನ್ನೇ ಮಾಡುತ್ತಿದ್ದರು. ಆದರೆ ಯಾರ ಬೀರುವಾದರೂ ಜನರ ಬಾಯಲ್ಲಿ ಹೂಜಿಯರ್ರೇ, ನಮ್ಮಲ್ಲಿ ಯಾವ ವನಸ್ಪತಿಯಾದರೂ ಡಾಲ್ಡಾ ಆದ ಹಾಗೆ. ನಿಮ್ಮದು ಮಾತ್ರ, ಪಟ್ಟಿಯಲ್ಲಿರುವ ಊರು ನೋಡಿದರೆ, ಅಸಲಿ ಹೂಜಿಯರ್ ಇರಬೇಕು.

ಇಂಥ ಬೀರು ಏಕೆ ಬೇಕಾಯಿತು ಎಂಬುದು ತಿಳಿಯಬೇಕಾದರೆ ಆಗಿನ ಅಡುಗೆಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ಮನೆ ಕಟ್ಟಿದವನು ಬಿಟ್ಟುಹೋಗುತ್ತಿದ್ದದ್ದು ಬರೀ ಒಂದು ಕೋಣೆ. ಒಲೆ ಒಂದು ಗೋಡೆಗೆ, ನಡುವೆ ಮೇಜು, ಇನ್ನೊಂದು ಮೂಲೆಯಲ್ಲಿ ತೊಳೆಯುವ ತೊಟ್ಟಿ, ದಿನಸಿಯೆಲ್ಲ ಪಕ್ಕದ ಉಗ್ರಾಣದಲ್ಲಿ. ಹಿಟ್ಟಿಗೆಂದು ಅತ್ತ, ಉಪ್ಪಿಗೆಂದು ಇತ್ತ. ಸಾಮಾನಿಡಲು ಬಿಡಿ ಬಿಡಿ ಪೀಠೋಪಕರಣಗಳಿದ್ದವು. ಪೈ ಸೇಫ್ ಎಂಬ ಬೀರುವಿನ ಬಾಗಿಲಿಗೆ ನಕ್ಷತ್ರ, ಹೂವುಗಳ ಆಕಾರದಲ್ಲಿ ತೂತು ಹೊಡೆದ ತಗಡು. ಗಾಳಿ ಒಳಗೆ, ನೊಣ ಹೊರಗೆ. ಪಾಸಮ್ ಬೆಲ್ಲಿ ಎಂಬ ಮೇಜೊಂದಿತ್ತು. ಮೇಜಿನಡಿ ಹಿಟ್ಟು ತುಂಬುವ ಎರಡು ಗುಂಡು ತಳದ ಡ್ರಾಯರುಗಳು ಪಾಸಮ್ ಎಂಬ ಪ್ರಾಣಿಯ ಹೊಟ್ಟೆಯಂತೆ ಜೋತಾಡುತ್ತಿದ್ದುದರಿಂದ ಆ ಹೆಸರು. ಹೂಜಿಯರ್ ಬೀರು ಈ ಮೇಜಿನ ಮೇಲೆ ಕಪಾಟು ಕೂರಿಸಿ, ಅದರೊಳಕ್ಕೆ ಉಗ್ರಾಣವನ್ನೂ ತುರುಕಿತು.

ಅದರ ಜೀವ ನಿಮ್ಮ ಎಡಗಡೆಯ ಆ ತಗಡಿನ ಡಬ್ಬದಲ್ಲಿದೆ. ಆಗ ಬ್ರೆಡ್ಡು ಮನೆಯಲ್ಲೇ ಆಗಬೇಕು. ಮೈದಾ ಮೂಟೆಯಲ್ಲೋ ಪೀಪಾಯಿಯಲ್ಲೋ ಬರುತ್ತಿತ್ತು. ಒಂದು ಪೀಪಾಯಿಗೆ 196 ಪೌಂಡ್, ಅಂದರೆ 89 ಕೆಜಿ. ಬೀರುವಿನ ಡಬ್ಬಕ್ಕೆ ಮೇಲಿನಿಂದ ಒಂದು ಮೂಟೆ ಸುರಿದರೆ ಬಹಳ ದಿನಕ್ಕೆ ಚಿಂತೆಯಿಲ್ಲ. ಕೆಳಗಿನ ಹಿಡಿ ತಿರುಗಿಸಿದರೆ ಹಿಟ್ಟು ಜರಡಿ ಆಡಿಕೊಂಡು ನೇರ ಬೋಗುಣಿಗೆ ಬೀಳುತ್ತದೆ. ಎಳೆದ ಹಲಗೆಯ ಮೇಲೆ ನಾದಿ, ಅಲ್ಲೇ ಲಟ್ಟಿಸಿ, ಕೈಗೆಟುಕುವ ಸೀಸೆಯಿಂದ ಮಸಾಲೆ ಉದುರಿಸಬಹುದು. ಬೇಯಿಸಿದ ಬ್ರೆಡ್ಡು ನೀವು ಹೇಳಿದ ಆ ತೂತು ಮುಚ್ಚಳದ ಡ್ರಾಯರಿಗೆ. ಇಷ್ಟಕ್ಕೂ ಮನೆಯಾಕೆ ನಿಂತ ಜಾಗ ಬಿಡಬೇಕಿಲ್ಲ.

ಒಂದು ಸಣ್ಣ ಸಂಗತಿ ನನ್ನನ್ನು ನನ್ನ ಅಜ್ಜಿಯ ಮನೆಗೇ ಕರೆದೊಯ್ದಿತು. ಸೆಲ್ಲರ್ಸ್ ಕಂಪನಿ ತನ್ನ ಬೀರುವಿನ ಕಾಲುಗಳಿಗೆ ಇರುವೆ ಹತ್ತದ ವಿಶೇಷ ಬಟ್ಟಲು ಜೋಡಿಸಿದ್ದೇವೆಂದು ಜಾಹೀರಾತು ಮಾಡುತ್ತಿತ್ತು. ಅಜ್ಜಿಯ ಮನೆಯ ಜಾಲರಿ ಬೀರುವಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲೇ ನಿಂತಿದ್ದವು. ಬಟ್ಟಲು ಒಣಗಲು ಬಿಟ್ಟದ್ದಕ್ಕೆ ನಾನು ಬೈಸಿಕೊಂಡದ್ದೂ ಉಂಟು. ಯಾರೂ ಅದಕ್ಕೆ ಜಾಹೀರಾತು ಕೊಟ್ಟಿರಲಿಲ್ಲ, ಅಷ್ಟೇ.

ಇನ್ನು ಮಾರಾಟದ ಚಾತುರ್ಯ. ಹೆಣ್ಣುಮಕ್ಕಳು ಕಾರ್ಖಾನೆ, ಆಫೀಸುಗಳ ಕಡೆ ಹೊರಟಿದ್ದರಿಂದ ಮಧ್ಯಮ ವರ್ಗದ ಮನೆಗಳಿಗೆ ಕೆಲಸದವರು ಸಿಗುವುದು ಕಷ್ಟವಾಗುತ್ತಿದ್ದ ಕಾಲ ಅದು. ಕಂಪನಿ ನೇರವಾಗಿ ಗೃಹಿಣಿಯ ಕಾಲುನೋವಿಗೇ ಕೈಯಿಟ್ಟಿತು: ಹೂಜಿಯರ್ ನಿಮ್ಮ ಹೆಜ್ಜೆ ಉಳಿಸುತ್ತದೆ! ದುಡ್ಡಿಲ್ಲವೇ? ಒಂದು ಡಾಲರ್ ಕೊಟ್ಟು ಮನೆಗೊಯ್ಯಿರಿ, ಉಳಿದದ್ದು ವಾರವಾರ ಕಂತಿನಲ್ಲಿ. ಮಾತಿಗೆ ತೂಕ ಕೊಡಲು ಕ್ರಿಸ್ಟೀನ್ ಫ್ರೆಡರಿಕ್ ಸಿಕ್ಕರು. ಕಾರ್ಖಾನೆಯಲ್ಲಿ ಕಾರ್ಮಿಕರ ಚಲನೆ ಅಳೆಯುವ ಪದ್ಧತಿಯನ್ನು ಅಡುಗೆಮನೆಗೆ ತಂದು, 1912ರಲ್ಲಿ ಲೇಡೀಸ್ ಹೋಮ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಲೇಖನಮಾಲೆ ಬರೆದವರು ಇವರು. ಸಾಮಾನು ಎಲ್ಲೆಲ್ಲೋ ಇಟ್ಟ ಅಡುಗೆಮನೆ ಒಂದು, ಕೆಲಸದ ಕ್ರಮಕ್ಕೆ ಜೋಡಿಸಿದ್ದು ಇನ್ನೊಂದು. ಎರಡರಲ್ಲೂ ಹೆಜ್ಜೆಗಳ ಜಾಡನ್ನು ಗೆರೆ ಎಳೆದು ತೋರಿಸಿದರು. ಮೊದಲನೆಯದು ಬೆಕ್ಕು ಆಡಿಬಿಟ್ಟ ನೂಲಿನುಂಡೆಯಂತಿದೆ. ಮುಂದೆ ಹೂಜಿಯರ್ ಕಂಪನಿಗೇ ಪ್ರಚಾರದ ಪುಸ್ತಿಕೆ ಬರೆದರು. ಸಂಶೋಧಕಿಯೋ ಮಾರಾಟಗಾರ್ತಿಯೋ ಎಂದು ಕೇಳಿದರೆ ಎರಡೂ ಹೌದು ಅನ್ನುತ್ತೇನೆ. ಹಾಗೆಂದು ಆ ಗೆರೆಗಳು ಸುಳ್ಳಾಗುವುದಿಲ್ಲ. ಉಳಿದ ಹೆಜ್ಜೆಗಳ ಲೆಕ್ಕ ಕೊಟ್ಟವರು, ಉಳಿದ ಹೊತ್ತಿಗೆ ಇನ್ನಷ್ಟು ಮನೆಗೆಲಸವೇ ಬಂದು ಕೂತಿತೇ ಎಂಬ ಲೆಕ್ಕ ಕೊಡಲಿಲ್ಲ ಎಂಬ ತಕರಾರು ಮಾತ್ರ ನನ್ನದಿದೆ.

ಈಗ ನಿಮ್ಮ ಆಕ್ಷೇಪಕ್ಕೆ ಬರುತ್ತೇನೆ. ಮನೆಗೆಲಸದ ಕುರಿತ ಫ್ರೆಡರಿಕ್ ಅವರ ಪುಸ್ತಕ 1920ರ ದಶಕದ ಆರಂಭದಲ್ಲೇ ಜರ್ಮನ್ ಭಾಷೆಗೆ ಬಂತು. ನಮ್ಮ ಲೇಖನ ಹೇಳಿದ 1926ರ ಆ ಅಡುಗೆಮನೆಯನ್ನು, ಅಂದರೆ ಫ್ರಾಂಕ್‌ಫರ್ಟ್ ಕಿಚನ್ ಅನ್ನು, ರೂಪಿಸಿದ ವಾಸ್ತುಶಿಲ್ಪಿ ಮಾರ್ಗರೆಟೆ ಶೂಟೆ ಲಿಹೋಟ್ಸ್‌ಕಿ ಅವರ ಮೇಲೆ ಅದರ ಪ್ರಭಾವವಿತ್ತು. ಆ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಬೇಳೆ, ಅಕ್ಕಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು ಸಾಲಾಗಿ ಗೂಡಿನೊಳಗೆ. ಹೂಜಿಯರ್ ಇಡೀ ಅಡುಗೆಮನೆಯನ್ನು ಬೀರುವಿಗೆ ತುಂಬಿತ್ತು. ಈಕೆ ಬೀರುವನ್ನೇ ಹಿಗ್ಗಿಸಿ ಅಡುಗೆಮನೆ ಮಾಡಿದರು. ತಮಾಷೆಯೆಂದರೆ ಇಂಡಿಯಾನಾದಲ್ಲೂ ಒಂದು ಫ್ರಾಂಕ್‌ಫರ್ಟ್ ಇದೆ, ಇಂಗ್ಲಿಷಿನಲ್ಲಿ ಒಂದಕ್ಷರ ಮಾತ್ರ ಬೇರೆ. ಹೂಜಿಯರ್‌ನ ದೊಡ್ಡ ಪೈಪೋಟಿದಾರ ಮ್ಯಾಕ್‌ಡೂಗಲ್ ಕಂಪನಿ ಬೀರು ಮಾಡುತ್ತಿದ್ದದ್ದು ಅಲ್ಲೇ. ನಾವು ಒಂದು ಫ್ರಾಂಕ್‌ಫರ್ಟ್ ಹೇಳಿ ಇನ್ನೊಂದನ್ನು ನುಂಗಿದೆವು.

ಆದರೂ ಹೂಜಿಯರ್ ಬೀರುವನ್ನು ಮಾಡ್ಯುಲರ್ ಅನ್ನಲು ನಾನು ಒಪ್ಪುವುದಿಲ್ಲ. ಅದು ಮಂಚದಂತೆ ಒಂಟಿ ಸಾಮಾನು. ಮನೆ ಬಿಡುವಾಗ ಗಾಡಿಗೆ ಹೇರಿ ಒಯ್ಯಬಹುದು. ಮಾಡ್ಯುಲರ್ ಗೋಡೆಯ ಆಸ್ತಿ. ಎಲ್ಲವೂ ಕೈಯಳತೆಯಲ್ಲಿರಬೇಕು ಎಂಬ ರುಚಿ ಹತ್ತಿಸಿದ್ದು ಈ ಬೀರು. ರುಚಿ ಹತ್ತಿದ ಜನ ನಾಲ್ಕೂ ಗೋಡೆಗೆ ಅಂಥದ್ದನ್ನೇ ಕೇಳಿದಾಗ ಮೂಲೆಗೆ ಹೋದದ್ದೂ ಇದೇ. ಅಂಗಡಿಯ ಬ್ರೆಡ್ಡಿನ ಏಟೂ ಸೇರಿತು. 1928ರಲ್ಲಿ ಮಿಸ್ಸೌರಿಯಲ್ಲಿ ಹೋಳು ಮಾಡಿದ ಬ್ರೆಡ್ಡು ಮಾರಾಟಕ್ಕೆ ಬಂದ ಮೇಲೆ ಮೂಟೆ ಮೈದಾ ಯಾರಿಗೆ ಬೇಕು? ಕಾಪಿಸ್ ಕಂಪನಿ ಗಾಳಿ ತಿರುಗಿದ್ದನ್ನು ಕಂಡು ಗೋಡೆಯ ಕಪಾಟುಗಳಿಗೆ ಹೊರಳಿತು. ಹೂಜಿಯರ್ ಕಂಪನಿ 1942ರಲ್ಲಿ ಬಾಗಿಲು ಹಾಕಿತು.

ಚಪಾತಿ ಹಿಟ್ಟು ತುಂಬುವ ವಿಷಯ. ಬೇಡ. ಆ ಜರಡಿ ಮೈದಾಕ್ಕೆಂದು ಮಾಡಿದ್ದು, ನಿಮ್ಮ ಹಿಟ್ಟಿನ ತೌಡೆಲ್ಲ ಮೇಲೇ ಉಳಿದೀತು. ಅದಕ್ಕಿಂತ ಮುಖ್ಯವಾಗಿ, ಬೀರುವಿಗೆ ನಡುವೆ ಯಾರಾದರೂ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದು 1978ರಲ್ಲಿ. ಪರೀಕ್ಷೆ ಮಾಡಿಸದೆ ಮರಳು ಕಾಗದ ಹಾಕಿ ಉಜ್ಜಬೇಡಿ. ತಟ್ಟೆ, ಲೋಟ ಇಡಲು ಮೇಲಿನ ಅಂಕಣ ಧಾರಾಳವಾಗಿ ಸಾಕು.

ಬಾಗಿಲಿನ ಒಳಮೈಗೆ ಹಳದಿಯಾದ ಅಚ್ಚಿನ ಕಾಗದ ಅಂಟಿದೆಯೇ ನೋಡಿ. ಅಳತೆಯ ಲೆಕ್ಕ, ದಿನಸಿ ಪಟ್ಟಿಗಳನ್ನು ಕಂಪನಿಗಳು ಅಲ್ಲಿ ಹಾಕುತ್ತಿದ್ದವು. ಇದ್ದರೆ ಒದ್ದೆ ಬಟ್ಟೆ ತಾಗಿಸಬೇಡಿ, ಮೊದಲು ಫೋಟೊ ತೆಗೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಮ್ಮ ತಿದ್ದುಪಡಿಯ ಪಕ್ಕದಲ್ಲೇ ಹಾಕುತ್ತೇವೆ.

— ಸಂಪಾದಕ